ವರ್ಡ್ ಇರುವಾಗ ಮಾರ್ಕ್‌ಡೌನ್‌ನಲ್ಲಿ ಬರೆಯೋದು ಯಾಕೆ?

ಮಾರ್ಕ್‌ಡೌನ್ ಅಂದರೆ ಸಾದಾ ಪಠ್ಯದಲ್ಲೇ ಸಣ್ಣ ಗುರುತು ಹಾಕಿ ತಲೆಬರಹ, ಪಟ್ಟಿ, ದಪ್ಪ ಅಕ್ಷರ ತೋರಿಸುವ ಬರೆಯುವ ರೀತಿ. ವರ್ಡ್‌ನಲ್ಲಿ ಎಲ್ಲ ಬಟನ್ನೂ ಇರುವಾಗ ಕೆಲವರು ಮಾರ್ಕ್‌ಡೌನೇ ಬೇಕು ಅಂತ ಯಾಕೆ ಹಟ ಹಿಡಿಯುತ್ತಾರೆ, ಕನ್ನಡಕ್ಕೂ ಅದು ಆಗಿಬರುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗಿಬರುತ್ತದೆ. ನಾನು ವಿರಾಜಪೇಟೆ ಕಡೆಯವನು. ಕಾಫಿ ತೋಟದ ಮಳೆ ಲೆಕ್ಕ, ಕೆಲಸದ ಟಿಪ್ಪಣಿ, ಊರಿನ ಬಗ್ಗೆ ಬರೆಯುವ ಲೇಖನ ಎಲ್ಲವೂ ಅದರಲ್ಲೇ ಇವೆ.

ಬರೆದದ್ದು ಬರೆದ ಹಾಗೇ ಓದಲು ಬರುತ್ತದಲ್ಲ, ನನಗೆ ಬಲು ಇಷ್ಟವಾಗುವುದು ಅದು. ಮಾರ್ಚ್ ತಿಂಗಳ ಫೈಲಿನ ಮೂರು ಸಾಲು ನೋಡಿ:

# ಹೂಮಳೆ
- ಮೇಲಿನ ತೋಟ: 1 ಇಂಚು 20 ಸೆಂಟ್
- ಗದ್ದೆ ಬದಿ: 40 ಸೆಂಟ್, ಸ್ಪ್ರಿಂಕ್ಲರ್ ಬೇಕು

ಹ್ಯಾಶ್ ಹಾಕಿದರೆ ತಲೆಬರಹ, ಅಡ್ಡಗೆರೆ ಹಾಕಿದರೆ ಪಟ್ಟಿ, ಎರಡೆರಡು ನಕ್ಷತ್ರದ ನಡುವೆ ಇಟ್ಟರೆ ದಪ್ಪ ಅಕ್ಷರ. (ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ. ಇಂಚಿನ ನೂರನೇ ಒಂದು ಪಾಲಿಗೆ ನಾವು ಸೆಂಟ್ ಅನ್ನುತ್ತೇವೆ.) ಅಪ್ಪನಿಗೆ ಮಾರ್ಕ್‌ಡೌನ್ ಗೊತ್ತಿಲ್ಲ. ಆದರೂ ಇದನ್ನು ಹೀಗೇ ಕಳಿಸಿದರೆ, ಎಲ್ಲಿಗೆ ನೀರು ಹಾಯಿಸಬೇಕು ಅಂತ ತಕ್ಷಣ ತಿಳಿಯುತ್ತದೆ. 2004ರಲ್ಲಿ ಅಮೆರಿಕದ ಬ್ಲಾಗ್ ಬರಹಗಾರ ಜಾನ್ ಗ್ರೂಬರ್ ಮಾರ್ಕ್‌ಡೌನ್ ಹೊರತಂದಾಗ ಅವರ ಆಸೆಯೂ ಇದೇ ಆಗಿತ್ತು. ಪ್ರೋಗ್ರಾಮರ್ ಏರನ್ ಸ್ವಾರ್ಟ್ಜ್ ಅವರ ನೆರವೂ ಇತ್ತು. ಜನ ಇಮೇಲ್‌ನಲ್ಲಿ ಸುಮ್ನೆ ಹಾಕುತ್ತಿದ್ದ ಗುರುತುಗಳೇ ಇದರಲ್ಲಿ ನಿಯಮವಾದವು.

ಕನ್ನಡದವರಿಗೆ ಇನ್ನೊಂದು ದೊಡ್ಡ ಕಾರಣ ಇದೆ. ಯೂನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಗಳಿಗೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಕೊಡುವ ಪದ್ಧತಿ) ಮೊದಲಿನ ಎಷ್ಟೋ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ಒಳ್ಳೊಳ್ಳೆ ಬರಹ ಹಾಗೆ ಸಿಕ್ಕಿಕೊಂಡಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಯೂನಿಕೋಡ್‌ನ ಸಾದಾ ಪಠ್ಯಕ್ಕೆ ಆ ಗತಿ ಇಲ್ಲ. ನೋಟ್‌ಪ್ಯಾಡ್ ಸಾಕು, ಫೋನ್ ಸಾಕು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಮುದ್ರಣಕ್ಕೆ ಬೇಕಾದಾಗ ಪ್ಯಾಂಡಾಕ್ ಅನ್ನೋ ಉಚಿತ ತಂತ್ರಾಂಶ ಅದೇ ಫೈಲನ್ನು ವರ್ಡ್ ಕಡತವಾಗಿಯೋ ಇ-ಪುಸ್ತಕವಾಗಿಯೋ ಮಾಡಿಕೊಡುತ್ತದೆ.

ಬರೆಯುವಾಗಿನ ಸುಖವೂ ಬೇರೆ. ಫಾಂಟ್ ಯಾವುದು, ಸೈಜ್ ಎಷ್ಟು ಅಂತ ಕೈ ಮೌಸ್ ಕಡೆ ಹೋಗುವುದಿಲ್ಲ. ಮನಸ್ಸು ವಾಕ್ಯದಲ್ಲೇ ಇರುತ್ತದೆ.

ಕನ್ನಡದಲ್ಲಿ ಬರೆಯುವಾಗ ಎರಡು ವಿಷಯ ಗಮನಿಸಿ. ನಮ್ಮಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ ಅಲ್ವಾ? ಮಡಿಕೇರಿಯಲ್ಲಿ ಅನ್ನುವುದರಲ್ಲಿ ಮಡಿಕೇರಿಯಷ್ಟೇ ದಪ್ಪ ಆಗಬೇಕು ಅಂದರೆ **ಮಡಿಕೇರಿ**ಯಲ್ಲಿ ಅಂತ ನಕ್ಷತ್ರ ಹಾಕಿದರೆ ಕೆಲಸ ಮಾಡುತ್ತದೆ, ಅದೇ ಜಾಗದಲ್ಲಿ ಅಂಡರ್‌ಸ್ಕೋರ್ ಹಾಕಿದರೆ ಪದದ ನಡುವೆ ಮುಗಿದದ್ದನ್ನು ಈಗಿನ ಹೆಚ್ಚಿನ ಮಾರ್ಕ್‌ಡೌನ್ ತಂತ್ರಾಂಶಗಳು ಗುರುತಿಸುವುದಿಲ್ಲ. ಅಂಕಿಯ ಪಟ್ಟಿಗೆ 1, 2 ಅಂತಲೇ ಬರೆಯಬೇಕು, ೧, ೨ ನಡೆಯುವುದಿಲ್ಲ.

ಜಾಸ್ತಿ ಕಾಲಂ ಇರುವ ಕೋಷ್ಟಕಕ್ಕೆ ಮಾತ್ರ ಇದು ಬೇಡ. ಕೂಲಿ ಲೆಕ್ಕವನ್ನು ನಾನು ಈಗಲೂ ಎಕ್ಸೆಲ್‌ನಲ್ಲೇ ಮಾಡುವುದು.