ಹೊಟ್ಟೆ ಅಗಲ, ಬಾಯಿ ಚಿಕ್ಕದು: ವೈನ್ ಗ್ಲಾಸಿನ ಲೆಕ್ಕ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗ್ಲಾಸಿನ ಬಗ್ಗೆ. "ದಯವಿಟ್ಟು ಹೆಸರು ಹಾಕಬೇಡಿ" ಎಂಬ ಸಾಲು ಮಾತ್ರ ಎಲ್ಲ ಪತ್ರದಲ್ಲೂ ಇದೆ. ಹಾಗಾಗಿ ಊರಿನ ಹೆಸರಷ್ಟೇ ಹಾಕಿದ್ದೇನೆ.

ಬಳ್ಳಾರಿಯಿಂದ: ಸರ್, ಮಗಳು ಅಳಿಯ ಬೆಂಗಳೂರಿನಿಂದ ಬರುವಾಗ ವೈನ್ ಗ್ಲಾಸಿನ ದೊಡ್ಡ ಡಬ್ಬಿ ತಂದರು. ನಾಲ್ಕು ನಮೂನೆ, ಒಂದೊಂದರಲ್ಲಿ ಎರಡೆರಡು. ವೈನ್ ಬದಲಾದರೆ ಗ್ಲಾಸೂ ಬದಲಾಗಬೇಕು, ಇಲ್ಲದಿದ್ದರೆ ನಾಲಿಗೆಯ ಮೇಲೆ ತಪ್ಪು ಜಾಗಕ್ಕೆ ಬೀಳುತ್ತದೆ ಅಂತಾರೆ ಅಳಿಯಂದಿರು. ನಮ್ಮ ಮನೆಯವರು ಸ್ಟೀಲ್ ಲೋಟದಲ್ಲೇ ಕುಡಿದು "ಎಲ್ಲಾ ಒಂದೇ ಬಿಡ್ರಿ" ಅಂತಾರೆ. ಯಾರ ಮಾತು ಖರೆ?

ಅಳಿಯಂದಿರದು ಅರ್ಧ ಖರೆ, ನಿಮ್ಮ ಯಜಮಾನರದು ಕಾಲು ಭಾಗ.

ಮೊದಲು ನಾಲಿಗೆಯ ಕಥೆ ಮುಗಿಸಿಬಿಡೋಣ. ತುದಿಗೆ ಸಿಹಿ, ಬದಿಗೆ ಹುಳಿ, ಹಿಂದೆ ಕಹಿ ಎಂದು ಶಾಲೆಯಲ್ಲಿ ಚಿತ್ರ ಬರೆದವರು ನಾವೆಲ್ಲ. 1901ರಲ್ಲಿ ಜರ್ಮನಿಯ ಹೇನಿಗ್ ಎಂಬುವವರು ನಾಲಿಗೆಯ ಬೇರೆ ಬೇರೆ ಭಾಗಗಳಲ್ಲಿ ರುಚಿಯ ಸೂಕ್ಷ್ಮತೆ ತುಸು ಹೆಚ್ಚುಕಡಿಮೆ ಇರುತ್ತದೆ ಎಂದು ಬರೆದರು. 1942ರಲ್ಲಿ ಹಾರ್ವರ್ಡ್‌ನ ಎಡ್ವಿನ್ ಬೋರಿಂಗ್ ಅದನ್ನು ಮತ್ತೆ ಚಿತ್ರಿಸಿದ ರೀತಿಯಿಂದ ಆ ತುಸು ವ್ಯತ್ಯಾಸ ಗೋಡೆ ಕಟ್ಟಿದಷ್ಟು ದೊಡ್ಡದಾಗಿ ಕಂಡಿತು. 1974ರಲ್ಲಿ ವರ್ಜೀನಿಯಾ ಕಾಲಿಂಗ್ಸ್ ಮತ್ತೆ ಪರೀಕ್ಷೆ ಮಾಡಿ, ಎಲ್ಲ ರುಚಿಯೂ ಎಲ್ಲ ಕಡೆ ಗೊತ್ತಾಗುತ್ತದೆ, ವ್ಯತ್ಯಾಸ ಲೆಕ್ಕಕ್ಕಿಲ್ಲದಷ್ಟು ಎಂದು ತೋರಿಸಿದರು. ನೀವೂ ನೋಡಬಹುದು. ಯುಗಾದಿಯ ಬೇವನ್ನು ನಾಲಿಗೆಯ ತುದಿಗಷ್ಟೇ ತಾಗಿಸಿ. ಕಹಿ ಹಿಂದಕ್ಕೆ ಹೋಗುವವರೆಗೆ ಕಾಯುವುದಿಲ್ಲ.

ಹಾಗಾದರೆ ಈ ನಾಲ್ಕು ನಮೂನೆ ಎಲ್ಲಿಂದ ಬಂದವು? ಒಂದೊಂದು ಬಗೆಯ ವೈನಿಗೆ ಒಂದೊಂದು ಆಕಾರ ಎಂಬುದನ್ನು ಜಗತ್ತಿಗೆ ಹಬ್ಬಿಸಿದವರು ಆಸ್ಟ್ರಿಯಾದ ಗಾಜಿನ ಮನೆತನದ ಕ್ಲಾಸ್ ರೀಡಲ್. ಅವರ ಗ್ಲಾಸುಗಳ ಪೂರ್ತಿ ಸಾಲು ಹೊರಬಂದದ್ದು 1973ರಲ್ಲಿ. ನಾಲಿಗೆಯ ನಕ್ಷೆ ಮಾರಾಟದ ಮಾತಾಗಿ ಆಗ ಚೆನ್ನಾಗಿ ಓಡಿತು. ಅವರ ಗ್ಲಾಸು ಒಳ್ಳೆಯದೇ, ಕೊಟ್ಟ ಕಾರಣ ಅಷ್ಟು ಒಳ್ಳೆಯದಲ್ಲ. ಆಕಾರ ಕೆಲಸ ಮಾಡುವುದು ಮೂಗಿನ ಮೇಲೆ.

ನಿಮ್ಮ ಪತ್ರ ಓದಿದ ದಿನವೇ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದೇ ಬಾಟಲಿಯ ಶಿರಾಜ್ ಎಂಬ ಕೆಂಪು ವೈನನ್ನು ಮೂರು ಕಡೆ ಸುರಿದೆ: ಸ್ಟೀಲ್ ಲೋಟ, ಚಹಾ ಅಂಗಡಿಯ ಗಾಜಿನ ಗ್ಲಾಸು, ಹೊಟ್ಟೆ ಅಗಲವಾಗಿ ಬಾಯಿ ಒಳಕ್ಕೆ ಬಾಗಿದ ವೈನ್ ಗ್ಲಾಸು. ಮೂರರಲ್ಲೂ ಎರಡೆರಡು ಬೆರಳು. ಲೋಟಕ್ಕೆ ಮೂಗು ಹಿಡಿದರೆ ಏನೋ ಹಣ್ಣಿನ ವಾಸನೆ, ಅಷ್ಟೇ. ಬಣ್ಣ ಕಾಣುವುದೇ ಇಲ್ಲ. ಚಹಾ ಗ್ಲಾಸಿನಲ್ಲಿ ಬಣ್ಣ ಕಂಡಿತು, ಆದರೆ ಬಾಯಿ ಮೇಲಕ್ಕೆ ಅಗಲ. ತಿರುಗಿಸಿದ ಕೂಡಲೇ ವೈನ್ ಅಂಚು ದಾಟಿ ಅಂಗಿಯ ತೋಳಿಗೆ ಬಿತ್ತು. ಮೂರನೆಯದನ್ನು ಕಟ್ಟೆಯ ಮೇಲೇ ಇಟ್ಟು ಎರಡು ಸುತ್ತು ತಿರುಗಿಸಿ ಮೂಗು ಒಳಗಿಟ್ಟರೆ ಮೊದಲು ನೇರಳೆ ಹಣ್ಣು, ಹಿಂದೆಯೇ ಆಗ ತಾನೇ ಕುಟ್ಟಿದ ಮೆಣಸಿನ ಕಾಳು. ಅದೇ ಬಾಟಲಿ ಅಂದರೆ ಮನೆಯವಳು ನಂಬಲಿಲ್ಲ.

ಕಾರಣ ಬಹಳ ಸರಳ. ಹಡಗಲಿ ಮಲ್ಲಿಗೆಯನ್ನು ಅಗಲ ತಟ್ಟೆಯಲ್ಲಿ ಹರಡಿದರೆ ಘಮ ಮನೆಗೆಲ್ಲ ಹಂಚಿಹೋಗುತ್ತದೆ. ಅದೇ ಹೂವನ್ನು ತಂಬಿಗೆಯೊಳಗೆ ಹಾಕಿ ಬಾಯಿಗೆ ಮೂಗು ಹಿಡಿದರೆ ಪೂರ್ತಿ ನಿಮಗೇ. ಗ್ಲಾಸಿನ ಹೊಟ್ಟೆ ಅಗಲವಿದ್ದಷ್ಟೂ ವೈನಿಗೆ ಗಾಳಿ ಹೆಚ್ಚು ತಾಗಿ ಪರಿಮಳ ಏಳುತ್ತದೆ, ಬಾಯಿ ಒಳಕ್ಕೆ ಬಾಗಿದ್ದರೆ ಎದ್ದ ಪರಿಮಳ ಅಲ್ಲೇ ತಂಗುತ್ತದೆ. ಇನ್ನೊಂದು ಲಾಭವನ್ನು ಜಪಾನಿನವರು ಕಣ್ಣಿಗೇ ಕಾಣುವಂತೆ ಮಾಡಿದ್ದಾರೆ. 2015ರಲ್ಲಿ ಟೋಕಿಯೋದ ವೈದ್ಯಕೀಯ ಮತ್ತು ದಂತ ವಿಶ್ವವಿದ್ಯಾಲಯದ ತಂಡವೊಂದು ಗ್ಲಾಸಿನಿಂದ ಮೇಲೇಳುವ ಆಲ್ಕೋಹಾಲ್ ಆವಿಯ ಚಿತ್ರ ತೆಗೆಯಿತು. 13 ಡಿಗ್ರಿ ಸೆಲ್ಸಿಯಸ್ ತಣ್ಣಗಿನ ವೈನ್ ಇದ್ದ ವೈನ್ ಗ್ಲಾಸಿನಲ್ಲಿ ಆವಿ ಅಂಚಿನ ಸುತ್ತ ಬಳೆಯಂತೆ ನಿಂತಿತ್ತು, ನಡುವೆ ಕಡಿಮೆ. ನಡುವೆ ಮೂಗಿಟ್ಟವರಿಗೆ ಸ್ಪಿರಿಟ್ಟಿನ ಚುರುಕು ಕಡಿಮೆ, ಹಣ್ಣಿನ ವಾಸನೆ ಹೆಚ್ಚು. ನೇರ ಗ್ಲಾಸಿನಲ್ಲಿ, ಲಾಳಿಕೆಯಂತೆ ಬಾಯಿ ಅಗಲವಾದ ಮಾರ್ಟಿನಿ ಗ್ಲಾಸಿನಲ್ಲಿ ಈ ಬಳೆ ಮೂಡಲಿಲ್ಲ.

ಈಗ ನಿಮ್ಮ ಡಬ್ಬಿ. ಎಲ್ಲಕ್ಕಿಂತ ಎತ್ತರದ, ದೊಡ್ಡ ಮೊಗ್ಗಿನಂಥದ್ದು ಬೋರ್ಡೋ ನಮೂನೆ. ಕ್ಯಾಬರ್ನೆ ಸಾವಿನ್ಯಾನ್, ಶಿರಾಜ್‌ನಂಥ ಒಗರು ಹೆಚ್ಚಿರುವ ಕೆಂಪು ವೈನಿಗೆ. ನಮ್ಮ ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟದ ಸಾಲಿನಲ್ಲೇ ಕ್ಯಾಬರ್ನೆ, ಸಾಂಜೊವೇಸಿ ಬೆಳೆಯುತ್ತಾರೆ. ಅಂಥ ಬಾಟಲಿ ಸಿಕ್ಕರೆ ಇದನ್ನೇ ತೆಗೆಯಿರಿ. ಗಡಿಗೆಯಂತೆ ಉಬ್ಬಿದ್ದು ಬರ್ಗಂಡಿ ನಮೂನೆ. ಅದು ಪಿನೋ ನ್ವಾರ್ ಎಂಬ ತೆಳು ಬಣ್ಣದ, ನಾಜೂಕು ಪರಿಮಳದ ವೈನಿಗೆ ಮಾಡಿದ್ದು. ನಮ್ಮ ಕಡೆಯ ಅಂಗಡಿಯಲ್ಲಿ ಆ ವೈನ್ ಅಪರೂಪ, ಆದ್ದರಿಂದ ಆ ಎರಡು ಗ್ಲಾಸು ಶೋಕೇಸಿನಲ್ಲಿದ್ದರೂ ಪಾಪವಿಲ್ಲ. ಚಿಕ್ಕದು, ಹೊಟ್ಟೆ ಕಡಿಮೆ ಇರುವುದು ಬಿಳಿ ವೈನಿಗೆ: ಶೆನಿನ್ ಬ್ಲಾಂಕ್, ಸಾವಿನ್ಯಾನ್ ಬ್ಲಾಂಕ್. ಚಿಕ್ಕದು ಯಾಕೆಂದರೆ ಸ್ವಲ್ಪ ಸ್ವಲ್ಪವೇ ಸುರಿದು, ಬಿಸಿಯಾಗುವ ಮೊದಲು ಮುಗಿಸಲಿಕ್ಕೆ. ಓಕ್ ಪೀಪಾಯಿಯಲ್ಲಿ ಕೂತು ಬಂದ ಶಾರ್ಡನೇ ಮಾತ್ರ ಬಿಳಿಯಾದರೂ ಅಗಲ ಗ್ಲಾಸು ಕೇಳುತ್ತದೆ. ನಾಲ್ಕನೆಯ ಕೊಳವೆಯಂಥದ್ದು ನೊರೆ ವೈನಿನದು, ಅಂದರೆ ಶಾಂಪೇನ್‌ನಂತೆ ಗುಳ್ಳೆ ಏಳುವ ವೈನಿನದು. ಅದರ ಮಾತು ಕೊನೆಗೆ ಬರುತ್ತದೆ.

ಯಾವುದೇ ಆದರೂ ಹೊಟ್ಟೆ ಅತಿ ಅಗಲವಿರುವ ಜಾಗಕ್ಕಿಂತ ಮೇಲೆ ತುಂಬಬೇಡಿ. ನಮ್ಮಲ್ಲಿ ಅತಿಥಿಗೆ ಅರ್ಧ ಲೋಟ ಕೊಟ್ಟರೆ ಜಿಪುಣ ಅಂದುಕೊಳ್ಳುತ್ತಾರೆ ಎಂಬ ಭಯ ಇದೆ, ಗೊತ್ತು. ಆ ಖಾಲಿ ಜಾಗವೇ ಪರಿಮಳದ ಮನೆ ಎಂದು ಒಮ್ಮೆ ಹೇಳಿಬಿಡಿ.

ಸಣಾಪುರದಿಂದ (ಗಂಗಾವತಿ ತಾಲ್ಲೂಕು): ಹೋಂಸ್ಟೇ ಇದೆ. ನಾವು ವೈನ್ ಮಾರುವುದಿಲ್ಲ, ಬಂದವರು ತಮ್ಮ ಬಾಟಲಿ ತಾವೇ ತರುತ್ತಾರೆ. ಜ್ಯೂಸ್ ಗ್ಲಾಸ್ ಕೊಟ್ಟರೆ ಮುಖ ಸಣ್ಣ ಮಾಡುತ್ತಾರೆ. ಎಷ್ಟು ನಮೂನೆ ಇಡಬೇಕು? ಕಾಲಿಲ್ಲದ ಗ್ಲಾಸ್ ಆದರೆ ಒಡೆಯುವುದು ಕಡಿಮೆ ಅಂತ ಅಂಗಡಿಯವರು ಹೇಳುತ್ತಾರೆ.

ಒಂದೇ ನಮೂನೆ ಸಾಕು. 350ರಿಂದ 400 ಮಿಲಿ ಹಿಡಿಯುವ, ಬಾಯಿ ಒಳಕ್ಕೆ ಬಾಗಿದ, ಅಂಚು ತೆಳ್ಳಗಿರುವ ಗ್ಲಾಸು. ಕೆಂಪು, ಬಿಳಿ, ನೊರೆ ಎಲ್ಲಕ್ಕೂ ನಡೆಯುತ್ತದೆ. ನಂಬಿಕೆ ಬರದಿದ್ದರೆ ಕೇಳಿ: ವೈನ್ ರುಚಿ ನೋಡುವ ವೃತ್ತಿಯವರಿಗೆಂದೇ 1977ರಲ್ಲಿ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಂದು ಗ್ಲಾಸಿನ ಅಳತೆ ನಿಗದಿ ಮಾಡಿತು. ಸುಮಾರು 215 ಮಿಲಿಯ ಮೊಗ್ಗಿನಾಕಾರ, ಅದರಲ್ಲಿ ಸುರಿಯುವುದು 50 ಮಿಲಿ ಮಾತ್ರ. ಎಲ್ಲ ವೈನಿಗೂ ಅದೊಂದೇ.

ಕೊಳ್ಳುವಾಗ ಕಣ್ಣು ಮುಚ್ಚಿ ಅಂಚಿನ ಮೇಲೆ ಬೆರಳು ಆಡಿಸಿ. ದಾರ ಹೊಲಿದಂತೆ ದಪ್ಪ ಗೆರೆ ಸಿಕ್ಕರೆ ಅದು ಅಗ್ಗದ್ದು. ಗಟ್ಟಿ ಇರುತ್ತದೆ, ಆದರೆ ತುಟಿಗೆ ವೈನ್ ದೊಪ್ಪನೆ ಬರುತ್ತದೆ. ಗೆರೆ ಇಲ್ಲದೆ ನುಣುಪಾಗಿದ್ದರೆ ತೆಗೆದುಕೊಳ್ಳಿ. ಹೋಂಸ್ಟೇಗೆ ನಡುವಣದ್ದು ಆದೀತು, ಕಾಗದದಷ್ಟು ತೆಳು ಬೇಡ.

ಕಾಲಿನ ವಿಷಯ. ಕೈಯ ಬಿಸಿ ವೈನಿಗೆ ತಾಗದಿರಲೆಂದು ಕಾಲು ಎನ್ನುತ್ತಾರೆ. ಆದರೆ ಮೇ ತಿಂಗಳ ಮಧ್ಯಾಹ್ನ ನಿಮ್ಮ ಜಗಲಿಯ ಗಾಳಿ ಅತಿಥಿಯ ಕೈಗಿಂತ ಬಿಸಿ! ಆದರೂ ಕಾಲಿರುವುದನ್ನೇ ಕೊಳ್ಳಿ ಎನ್ನುತ್ತೇನೆ. ಗಾಳಿಗಿಂತ ಅಂಗೈ ಬಿಸಿಯನ್ನು ಬೇಗ ದಾಟಿಸುತ್ತದೆ. ಎರಡನೆಯದು, ನಿಮ್ಮಲ್ಲಿ ಸಂಜೆಗೆ ಒಗ್ಗರಣಿ ಮಿರ್ಚಿ ಇರದೆ ಇರುತ್ತದೆಯೇ? ಆ ಎಣ್ಣೆಯ ಬೆರಳು ಗ್ಲಾಸಿನ ಹೊಟ್ಟೆಯ ಮೇಲೆ ಅಚ್ಚೊತ್ತುವುದು ನೋಡಲಾಗದು.

ಮಿರ್ಚಿಯ ಮಾತು ಬಂತಲ್ಲ, ಅದರ ಜೊತೆ ಆಲ್ಕೋಹಾಲ್ ಹೆಚ್ಚಿರುವ ಕೆಂಪು ವೈನ್ ಕುಡಿದರೆ ಖಾರ ಇನ್ನಷ್ಟು ಉರಿಯುತ್ತದೆ. ತಣ್ಣಗಿನ, ತುಸು ಸಿಹಿ ಇರುವ ಶೆನಿನ್ ಬ್ಲಾಂಕ್ ಆದರೆ ತಡೆದುಕೊಳ್ಳುತ್ತದೆ. ಯಾವ ಗ್ಲಾಸೂ ಇದನ್ನು ಸರಿಮಾಡದು.

ಗ್ಲಾಸಿಗಿಂತ ನಿಮ್ಮ ಊರಿನಲ್ಲಿ ದೊಡ್ಡ ವಿಷಯ ಬಿಸಿಲು. "ಕೆಂಪು ವೈನನ್ನು ರೂಂ ಟೆಂಪರೇಚರ್‌ನಲ್ಲಿ ಕೊಡಿ" ಎಂದು ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ಆ ರೂಮು ಯುರೋಪಿನ ಹಳೆ ಕಲ್ಲು ಮನೆಯದು, ಗಂಗಾವತಿಯ ಆರ್‌ಸಿಸಿ ಮಾಳಿಗೆಯದಲ್ಲ. ಕೆಂಪಿಗೆ 15ರಿಂದ 18 ಡಿಗ್ರಿ, ಬಿಳಿಗೆ 8ರಿಂದ 12 ಬೇಕು. ಕೆಂಪು ಬಾಟಲಿಯನ್ನೂ ಬೇಸಿಗೆಯಲ್ಲಿ ಒಂದು ಒಂದೂವರೆ ತಾಸು ಫ್ರಿಜ್ಜಿನಲ್ಲಿಡಿ. ಅವಸರವಿದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಕುತ್ತಿಗೆಯವರೆಗೆ ಮುಳುಗಿಸಿ, ಹತ್ತು ಹನ್ನೆರಡು ನಿಮಿಷ ಸಾಕು. ಬರೀ ಐಸಿನ ತುಂಡುಗಳ ನಡುವೆ ನಿಲ್ಲಿಸಿದರೆ ಆಗುವುದಿಲ್ಲ, ನೀರು ಬಾಟಲಿಗೆ ಸುತ್ತಲೂ ಅಪ್ಪಿಕೊಳ್ಳಬೇಕು. 30 ಡಿಗ್ರಿ ದಾಟಿದ ವೈನನ್ನು ಜಗತ್ತಿನ ಅತ್ಯುತ್ತಮ ಗ್ಲಾಸಿಗೆ ಸುರಿದರೂ ಮೂಗಿಗೆ ಬರುವುದು ಸ್ಪಿರಿಟ್ಟೇ. 750 ಮಿಲಿಯ ಬಾಟಲಿ ಐದು ಗ್ಲಾಸು ಎಂಬುದು ಹೋಟೆಲ್ಲಿನ ಲೆಕ್ಕ. ಬೇಸಿಗೆಯಲ್ಲಿ ಅದನ್ನೇ ಎಂಟಾಗಿ ಸುರಿಯಿರಿ, ಬಾಟಲಿ ಬಕೆಟ್ಟಿನಲ್ಲೇ ಇರಲಿ.

ರಾಯಚೂರಿನಿಂದ: ಬೋರಿನ ನೀರಿನಲ್ಲಿ ತೊಳೆದರೆ ಗ್ಲಾಸಿನ ಮೇಲೆ ಬಿಳಿ ಪೊರೆ ಕೂಡುತ್ತದೆ. ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ.

ಸೋಪಿನಿಂದ ಹೋಗದು, ಏಕೆಂದರೆ ಅದು ಜಿಡ್ಡಲ್ಲ, ಸುಣ್ಣದಂಶ. ನೀರು ಆರಿದ ಮೇಲೆ ಉಳಿದ ಉಪ್ಪು. ಹುಳಿಗೆ ಕರಗುತ್ತದೆ. ಒಂದು ಬೋಗುಣಿ ಬೆಚ್ಚನೆ ನೀರಿಗೆ ಎರಡು ಚಮಚ ವಿನೆಗರ್ ಅಥವಾ ಒಂದು ನಿಂಬೆಹಣ್ಣಿನ ರಸ ಹಾಕಿ ಗ್ಲಾಸನ್ನು ಹತ್ತು ನಿಮಿಷ ಮುಳುಗಿಸಿಡಿ. ಕೊನೆಗೆ ಕುಡಿಯುವ ಫಿಲ್ಟರ್ ನೀರಿನಲ್ಲಿ ಜಾಲಿಸಿ. ಮುಖ್ಯ ಮಾತು, ಆರಲು ಬಿಡಬೇಡಿ. ಹಸಿ ಇರುವಾಗಲೇ ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒರೆಸಿ. ಹೊಸ ಟವೆಲ್ ಬೇಡ, ನೂಲು ಬಿಡುತ್ತದೆ.

ಒರೆಸುವಾಗ ಒಂದು ಎಚ್ಚರ. ಒಂದು ಕೈಯಲ್ಲಿ ತಳ, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ತಿರುವಬೇಡಿ. ನಾನು ಮೊದಲ ಸಲ ಕೆಲಸಕ್ಕೆ ಸೇರಿದ ಹೋಟೆಲ್ಲಿನಲ್ಲಿ ಮೂರನೇ ದಿನವೇ ಹಾಗೆ ಮಾಡಿ ಗ್ಲಾಸಿನ ಕಾಲು ಪಟಕ್ಕನೆ ಮುರಿದು ಹೆಬ್ಬೆರಳಿನ ಬುಡಕ್ಕೆ ನುಗ್ಗಿತು. ನಾಲ್ಕು ಹೊಲಿಗೆ, ಮೇಲೆ ಸಂಬಳದಲ್ಲಿ ಗ್ಲಾಸಿನ ದುಡ್ಡೂ ಕಡಿತ. ಹೊಟ್ಟೆ ಒರೆಸುವಾಗ ಹೊಟ್ಟೆಯನ್ನೇ ಹಿಡಿಯಿರಿ, ತಳ ಒರೆಸುವಾಗ ತಳವನ್ನೇ.

ಇಡುವುದು ಬಾಯಿ ಮೇಲೆ ಮಾಡಿ. ಬೋರಲು ಹಾಕಿದರೆ ಕಪಾಟಿನ ವಾಸನೆ ಒಳಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆಗೆ ಹಾಕಿದ ನುಸಿಗುಳಿಗೆಯ ವಾಸನೆ ಬಂದ ಒಂದು ಒಳ್ಳೆ ವೈನನ್ನು ನಾನು ಕುಡಿದಿದ್ದೇನೆ. ಧೂಳು ಬೀಳುತ್ತದಲ್ಲ ಎಂದರೆ, ಬೀಳುತ್ತದೆ. ಬಳ್ಳಾರಿ ಸಂಡೂರು ಕಡೆಯವರಾದರೆ ಕೆಂಪು ಧೂಳು. ಬಳಸುವ ಮೊದಲು ಒಮ್ಮೆ ಜಾಲಿಸಿದರಾಯಿತು.

ಕೊಪ್ಪಳದಿಂದ: ಅಜ್ಜನ ಕಾಲದ ತಾಮ್ರದ ಲೋಟಗಳಿವೆ. ವೈನ್ ಅದರಲ್ಲಿ ಕುಡಿದರೆ ರಾಜವೈಭವ ಅನಿಸುತ್ತದೆ. ಆರೋಗ್ಯಕ್ಕೂ ಒಳ್ಳೆಯದಲ್ಲವೇ?

ಅಲ್ಲ. ನೀರು ಬೇರೆ, ವೈನ್ ಬೇರೆ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ವೈನಿನ ಪಿಎಚ್ 3ರಿಂದ 4ರ ನಡುವೆ, ಅಂದರೆ ಒಳ್ಳೆ ಹುಳಿ. ಹುಳಿ ತಾಮ್ರವನ್ನು ಕರಗಿಸುತ್ತದೆ. ಅಮೆರಿಕದ ಆಹಾರ ನಿಯಮಾವಳಿಯಲ್ಲಿ ಪಿಎಚ್ 6ಕ್ಕಿಂತ ಕಡಿಮೆ ಇರುವ ಯಾವುದನ್ನೂ ಬರಿ ತಾಮ್ರಕ್ಕೆ ತಾಗಿಸಬಾರದು ಎಂದಿದೆ. ನಿಮ್ಮ ಅಜ್ಜಿಗೆ ಆ ನಿಯಮ ಗೊತ್ತಿರಲಿಲ್ಲ, ಆದರೆ ಕಲಾಯಿ ಹಾಕಿಸದ ಪಾತ್ರೆಯಲ್ಲಿ ಹುಣಸೆ ಸಾರು ಕುದಿಸುತ್ತಿರಲಿಲ್ಲ. ಮಜ್ಜಿಗೆಯನ್ನೂ ಇಡುತ್ತಿರಲಿಲ್ಲ, ಕಿಲುಬುತ್ತದೆ ಎಂದು. ವೈಭವ ಬೇಕೆಂದರೆ ಆ ಲೋಟದಲ್ಲಿ ಪಕ್ಕಕ್ಕೆ ನೀರು ಇಟ್ಟುಕೊಳ್ಳಿ. ಸ್ಟೀಲ್ ಲೋಟ ಇದಕ್ಕಿಂತ ಎಷ್ಟೋ ವಾಸಿ: ಪರಿಮಳ ಸಿಗದು, ಅಪಾಯವೂ ಇಲ್ಲ.

ಸಿಂಧನೂರಿನಿಂದ: ನೊರೆ ವೈನಿಗೆ ಸಿನೆಮಾದಲ್ಲಿ ತಟ್ಟೆಯಂಥ ಗ್ಲಾಸು, ಮದುವೆ ಹಾಲಿನಲ್ಲಿ ಕೊಳವೆಯಂಥದ್ದು. ಯಾವುದು ಸರಿ?

ತಟ್ಟೆಯಂಥದ್ದರಲ್ಲಿ ಗುಳ್ಳೆ ಬೇಗ ಹಾರಿಹೋಗುತ್ತದೆ, ನಡೆದಾಡಿದರೆ ಚೆಲ್ಲುತ್ತದೆ. ಕೊಳವೆಯಲ್ಲಿ ಗುಳ್ಳೆಗಳ ಸಾಲು ಚೆಂದ ಕಾಣುತ್ತದೆ, ಆದರೆ ಮೂಗು ಹೋಗುವುದಿಲ್ಲ. ಎರಡರ ನಡುವಿನ, ಟ್ಯುಲಿಪ್ ಹೂವಿನಂತೆ ಹೊಟ್ಟೆ ತುಸು ಉಬ್ಬಿದ್ದು ಒಳ್ಳೆಯದು. ಸಿಗದಿದ್ದರೆ ಬಿಳಿ ವೈನಿನ ಗ್ಲಾಸಿನಲ್ಲೇ ಸುರಿಯಿರಿ. ಗುಳ್ಳೆ ಸರಿಯಾಗಿ ಏಳುತ್ತಿಲ್ಲ ಎಂದಾದರೆ ಬಾಟಲಿಯನ್ನು ಬೈಯುವ ಮೊದಲು ಗ್ಲಾಸು ನೋಡಿ. ಗಾಜಿಗೆ ಅಂಟಿದ ಸಣ್ಣ ನೂಲಿನೆಳೆ, ಗೀರುಗಳಿಂದ ಗುಳ್ಳೆ ಹುಟ್ಟುತ್ತದೆ, ಸೋಪಿನ ಪೊರೆ ಅದನ್ನು ಕೆಡಿಸುತ್ತದೆ. ಕೊಳವೆಯ ತಳಕ್ಕೆ ಬೆರಳು ಹೋಗುವುದಿಲ್ಲವಾದ್ದರಿಂದ ಸೋಪು ಉಳಿಯುವುದೂ ಅಲ್ಲೇ. ಮಗುವಿನ ಹಾಲಿನ ಬಾಟಲಿ ತೊಳೆಯುವ ಬ್ರಷ್ ಹೊಸದೊಂದು ತಂದು, ಬರೀ ಬಿಸಿ ನೀರಿನಲ್ಲಿ ತೊಳೆಯಿರಿ.