ಲಾಲ್‌ಬಾಗ್ ಬಂಡೆ ನೋಡಿದಾಗ ನಿಮಗೆ ಮೊದಲು ಬರುವ ಪ್ರಶ್ನೆ ಯಾವುದು?

ಪಿಯುಸಿ ಎರಡನೇ ವರ್ಷ, ಪಿಸಿಎಂಬಿ, ನಾಲ್ಕೂ ವಿಷಯದಲ್ಲಿ ಮಾರ್ಕ್ಸ್ ಚೆನ್ನಾಗಿದೆ, ಆದರೆ ವಿಜ್ಞಾನದ ಯಾವ ಶಾಖೆ ನಿಜವಾಗಿ ಇಷ್ಟ ಅಂತ ಗೊತ್ತಾಗುತ್ತಿಲ್ಲ ಎಂದು ಬರೆದಿದ್ದೀರಿ. ಅದನ್ನು ಪತ್ತೆ ಮಾಡುವುದು ಹೇಗೆ, ನನಗೆ ಯಾವ ಶಾಖೆ ಇಷ್ಟ ಅಂತಲೂ ಕೇಳಿದ್ದೀರಿ.

ಮಾರ್ಕ್ಸ್ ನೋಡಿ ಇದನ್ನು ತೀರ್ಮಾನ ಮಾಡಲು ಆಗುವುದಿಲ್ಲ. ಒಳ್ಳೆಯ ಮೇಷ್ಟ್ರು ಸಿಕ್ಕರೆ ಯಾವ ವಿಷಯವಾದರೂ ಹಿಡಿಸುತ್ತದೆ. ಮೇಷ್ಟ್ರು ಬದಲಾದ ಮೇಲೂ ಉಳಿಯುವ ಇಷ್ಟ ಯಾವುದು ಅಂತ ನೋಡಬೇಕು.

ನಾನು ಭೂವಿಜ್ಞಾನ ಓದಿದವನು. ಈಗ ಅಂತರ್ಜಲದ ಸರ್ವೆ ಕೆಲಸ ಮಾಡುತ್ತೇನೆ. ಹಾಗಾಗಿ ಕಲ್ಲಿನಿಂದಲೇ ಶುರು ಮಾಡುತ್ತೇನೆ.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆ ಗೊತ್ತಲ್ವಾ? ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಪೆನಿನ್ಸುಲರ್ ನೈಸ್ ಅನ್ನುವ ಜಾತಿಯ ಕಲ್ಲು. ಬೆಂಗಳೂರಿಗೇ ಬರಬೇಕು ಅಂತೇನಿಲ್ಲ, ತುಮಕೂರು, ಮಂಡ್ಯ, ಹಾಸನದ ಕಡೆ ಇದೇ ಕಲ್ಲು ಹೊಲದ ಪಕ್ಕದಲ್ಲೇ ಸಿಗುತ್ತದೆ. ಹತ್ತಿರ ಹೋಗಿ ಬಗ್ಗಿ ನೋಡಿ. ಒಂದು ಬಿಳಿ ಪಟ್ಟೆ, ಪಕ್ಕದಲ್ಲಿ ಒಂದು ಕಪ್ಪು ಪಟ್ಟೆ. ಬಿಳಿಯದರಲ್ಲಿ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್ ಅನ್ನುವ ಖನಿಜಗಳಿರುತ್ತವೆ. ಕಪ್ಪಿನಲ್ಲಿ ಬಿಸಿಲಿಗೆ ಮಿಣ್ಣಗೆ ಹೊಳೆಯುವುದು ಬಯೋಟೈಟ್, ನಾವು ಕಾಗೆಬಂಗಾರ ಅನ್ನುತ್ತೇವಲ್ಲ, ಅದರಲ್ಲೇ ಒಂದು ಬಗೆ. ಪಟ್ಟೆಗಳು ನೇರವಾಗಿ ಹೋಗುವುದಿಲ್ಲ. ಕೆಲವು ಕಡೆ ಬಳುಕಿ, ಕೆಲವು ಕಡೆ ಪೂರ್ತಿ ಮಡಚಿಕೊಂಡಿರುತ್ತವೆ.

ಇಷ್ಟು ನೋಡಿದ ಮೇಲೆ ನಿಮ್ಮ ತಲೆಗೆ ಮೊದಲು ಬಂದ ಪ್ರಶ್ನೆ ಯಾವುದು? ಅದನ್ನು ಗಮನಿಸಿ.

"300 ಕೋಟಿ ವರ್ಷ ಅಂತ ಹೇಗೆ ಹೇಳುತ್ತಾರೆ?" ಅಂತ ಬಂದರೆ ನಿಮ್ಮ ಮನಸ್ಸು ಭೌತಶಾಸ್ತ್ರದ ಕಡೆ ವಾಲಿದೆ. ಈ ಕಲ್ಲಿನೊಳಗೆ ಜಿರ್ಕಾನ್ ಅನ್ನುವ ಸಣ್ಣ ಸಣ್ಣ ಹರಳುಗಳಿರುತ್ತವೆ. ಜಿರ್ಕಾನ್ ಹುಟ್ಟುವಾಗ ಸ್ವಲ್ಪ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ. ಆಮೇಲೆ ಯುರೇನಿಯಂ ನಿಧಾನವಾಗಿ ಒಡೆದು ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ-238 ಅನ್ನುವ ಬಗೆ ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಹರಳು ಹುಟ್ಟುವಾಗ ಸೀಸ ಒಳಗೆ ಬಂದಿರಲಿಲ್ಲವಾದ್ದರಿಂದ, ಈಗ ಅದರಲ್ಲಿರುವ ಸೀಸ ಹೆಚ್ಚುಕಮ್ಮಿ ಎಲ್ಲವೂ ಆಮೇಲೆ ಹುಟ್ಟಿದ್ದು. ಯುರೇನಿಯಂ ಎಷ್ಟು ಉಳಿದಿದೆ, ಸೀಸ ಎಷ್ಟು ಸೇರಿದೆ ಅಂತ ಅಳೆದರೆ ವಯಸ್ಸು ಸಿಗುತ್ತದೆ. ಇದನ್ನು ಓದುವಾಗ ಮೈ ಜುಮ್ ಅಂದಿತಾ? ಅದೂ ಒಂದು ಸುಳಿವೇ.

ಬಂಡೆಯ ಮೇಲಿನ ಕಂದು ಕಲೆ ಏನು, ಗಟ್ಟಿ ಕಲ್ಲು ಮಳೆಯಲ್ಲಿ ನೆನೆದು ನೆನೆದು ಜೇಡಿಮಣ್ಣು ಹೇಗಾಗುತ್ತದೆ ಅಂತ ಅನ್ನಿಸಿದರೆ ಅದು ರಸಾಯನಶಾಸ್ತ್ರದ ಪ್ರಶ್ನೆ. ಕೆಲವರು ಕಲ್ಲನ್ನೇ ನೋಡುವುದಿಲ್ಲ, ಅದಕ್ಕೆ ಅಂಟಿಕೊಂಡ ಬೂದು ಮಚ್ಚೆಯನ್ನು ನೋಡುತ್ತಾರೆ. ಅದು ಕಲ್ಲುಹೂವಿನ ಬಳಗದ್ದು, ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಸಂಸಾರ ಮಾಡುವ ಜೀವಿ. ಮಣ್ಣಿಲ್ಲದ ಕಡೆ ಇದು ಹೇಗೆ ಬದುಕುತ್ತದೆ ಅಂತ ಕೇಳುವವರು ಜೀವಶಾಸ್ತ್ರದವರು.

ನನಗೆ ಇವತ್ತಿಗೂ ಮೊದಲು ಬರುವ ಪ್ರಶ್ನೆ ಒಂದೇ: ಇಷ್ಟು ಗಟ್ಟಿ ಕಲ್ಲು ಮಡಚಿಕೊಂಡಿದ್ದು ಹೇಗೆ? ಭೂಮಿಯ ಒಳಗೆ ಎಷ್ಟೋ ಕಿಲೋಮೀಟರ್ ಆಳದಲ್ಲಿ, ಆ ಕಾವಿನಲ್ಲಿ, ಆ ಒತ್ತಡದಲ್ಲಿ ಕಲ್ಲು ಒಡೆಯದೆ ಬಾಗುತ್ತದೆ. ಅಷ್ಟು ಆಳದಲ್ಲಿದ್ದದ್ದು ಇವತ್ತು ನಮ್ಮ ಕಾಲಡಿ ಇದೆ ಅಂದರೆ ಅದರ ಮೇಲಿದ್ದದ್ದೆಲ್ಲ ಸವೆದು ಹೋಗಿದೆ. ಎಲ್ಲಿಗೆ ಹೋಯಿತು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ, ಅದಕ್ಕೇ ಇದನ್ನು ಓದಿದೆ.

ಪ್ರಶ್ನೆ ಮಾತ್ರ ಸಾಲದು, ಆ ಶಾಖೆಯ ದಿನನಿತ್ಯದ ಕೆಲಸವೂ ಹಿಡಿಸಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಎಲ್ಲರೂ ಚಪ್ಪಾಳೆ ಹೊಡೆದೆವು. ಆದರೆ ಅದರ ಹಿಂದೆ ಇದ್ದದ್ದು ಒಂದೇ ಭಾಗವನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುವ ಕೆಲಸ. ನನ್ನ ಕೆಲಸವೂ ಹಾಗೇ. ಬಿಸಿಲಲ್ಲಿ ನಾಲ್ಕು ಕಬ್ಬಿಣದ ಸರಳುಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ಬಡಿಯಬೇಕು. ಹೊರಗಿನ ಎರಡಕ್ಕೆ ಕರೆಂಟ್ ಕೊಟ್ಟು ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯಬೇಕು. ಬರೆದುಕೊಂಡು, ಸರಳುಗಳ ನಡುವಿನ ದೂರ ಹೆಚ್ಚಿಸಿ, ಮತ್ತೆ ಅಳೆಯಬೇಕು. ನೀರು ಹಿಡಿದಿರುವ ಶಿಥಿಲ ಕಲ್ಲಿನಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ, ಗಟ್ಟಿ ಕಲ್ಲಿನಲ್ಲಿ ಹರಿಯುವುದಿಲ್ಲ. ಇಡೀ ದಿನ ಇದೇ. ಕೋಲಾರದ ಕಡೆ ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದ ಬೋರ್‌ವೆಲ್‌ಗಳಿವೆ. ಸಾಲ ಮಾಡಿದ ರೈತ ಪಕ್ಕದಲ್ಲೇ ನಿಂತಿರುತ್ತಾನೆ. ಆಗ ಒಂದು ರೀಡಿಂಗ್ ಅನುಮಾನ ಬಂದರೂ ಮತ್ತೆ ತೆಗೆಯದೆ ಮನಸ್ಸು ಒಪ್ಪುವುದಿಲ್ಲ.

ಇದನ್ನು ನಿಮ್ಮ ಕಾಲೇಜಿನ ಲ್ಯಾಬಲ್ಲೇ ನೋಡಿಕೊಳ್ಳಬಹುದು. ಟೈಟ್ರೇಷನ್ ಮಾಡುವಾಗ, ಅಂದರೆ ಆಮ್ಲಕ್ಕೆ ಕ್ಷಾರವನ್ನು ಹನಿ ಹನಿಯಾಗಿ ಬಿಡುವಾಗ, ಕೊನೆಯ ಒಂದು ಹನಿಗೆ ಫಿನಾಫ್ಥಲೀನ್ ಹಾಕಿದ ದ್ರಾವಣ ತೆಳು ಗುಲಾಬಿಗೆ ತಿರುಗುತ್ತದಲ್ಲ, ಆ ಹನಿಗೆ ಕಾಯುವುದು ನಿಮಗೆ ಖುಷಿಯಾ? ಅಥವಾ ಪಕ್ಕದವರ ರೀಡಿಂಗ್ ಬರೆದುಕೊಂಡು ಹೊರಡೋಣ ಅನ್ನಿಸುತ್ತದಾ? ಮೈಕ್ರೋಸ್ಕೋಪ್ ಮುಂದೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ವಾ? ಮನೆಯಲ್ಲೇ ಕೂತು ಮಾಡುವ ದಾರಿಯೂ ಇದೆ. 2007ರಲ್ಲಿ ಶುರುವಾದ ಗ್ಯಾಲಕ್ಸಿ ಝೂ ಅನ್ನುವ ಆನ್‌ಲೈನ್ ಯೋಜನೆಯಲ್ಲಿ ಸಾಮಾನ್ಯ ಜನರೇ ಫೋಟೋ ನೋಡಿ ಗ್ಯಾಲಕ್ಸಿಗಳನ್ನು ಆಕಾರದ ಮೇಲೆ ವಿಂಗಡಿಸಿದರು. ಹ್ಯಾನಿ ವಾನ್ ಆರ್ಕೆಲ್ ಅನ್ನುವ ಡಚ್ ಶಾಲಾ ಶಿಕ್ಷಕಿ ಹೀಗೆ ನೋಡುತ್ತಲೇ ಯಾರೂ ಗಮನಿಸದಿದ್ದ ವಿಚಿತ್ರ ಅನಿಲ ಮೋಡವೊಂದನ್ನು ಕಂಡುಹಿಡಿದರು. ಹಕ್ಕಿ ಇಷ್ಟವಾದರೆ ಇಬರ್ಡ್ ಅನ್ನುವ ಜಾಲತಾಣದಲ್ಲಿ ದಿನಾ ಕಂಡದ್ದನ್ನು ದಾಖಲಿಸಿ. ಕೆಲವು ತಿಂಗಳಾದ ಮೇಲೂ ಬೇಜಾರು ಬಂದಿಲ್ಲ ಅಂದರೆ ಅದನ್ನು ಗಂಭೀರವಾಗಿ ತಗೊಳ್ಳಿ.

ಇನ್ನೊಂದು ಮಾತು. ನಿಮಗೆ ಹಿಡಿಸುವ ಶಾಖೆ ಈ ನಾಲ್ಕು ಪುಸ್ತಕದಲ್ಲಿ ಇಲ್ಲದೇ ಇರಬಹುದು. ಸಾಗರ, ಹವಾಮಾನ, ಭೂಕಂಪ ಓದುವವರಿಗೆ ಪಿಸಿಎಂಬಿಯಲ್ಲಿ ಸರಿಯಾದ ಜಾಗವೇ ಇಲ್ಲ. ಪಿಯುಸಿಯಲ್ಲಿ ಭೂವಿಜ್ಞಾನ ಇರುವ ಕಾಲೇಜುಗಳೂ ಕಡಿಮೆ. ಅದಕ್ಕೇ ಬೇರೆ ಶಾಖೆಗಳನ್ನೂ ಹತ್ತಿರದಿಂದ ನೋಡಿ. ಬೆಂಗಳೂರಿನ ಐಐಎಸ್‌ಸಿ ವರ್ಷಕ್ಕೊಮ್ಮೆ ಓಪನ್ ಡೇ ಇಟ್ಟು ಎಲ್ಲರನ್ನೂ ಒಳಗೆ ಬಿಡುತ್ತದೆ. ಆವತ್ತು ಸಾಧ್ಯವಾದಷ್ಟು ಲ್ಯಾಬ್ ಸುತ್ತಿ, ಅಲ್ಲಿ ನಿಂತಿರುವ ಸಂಶೋಧನಾ ವಿದ್ಯಾರ್ಥಿಗಳನ್ನು "ನಿನ್ನೆ ಇಡೀ ದಿನ ಏನು ಮಾಡಿದಿರಿ?" ಅಂತ ಕೇಳಿ. ಡಿಗ್ರಿಗೆ ಸೇರಿದ ಮೇಲೆ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಸಿಕ್ಕರೆ ರಜೆಯಲ್ಲಿ ವಿಜ್ಞಾನಿಯೊಬ್ಬರ ಜೊತೆ ಕೆಲಸ ಮಾಡಿ ನೋಡಬಹುದು.

ಭೂವಿಜ್ಞಾನ ಅಂದರೆ ಕೆಲಸ ಸಿಗುತ್ತಾ ಅಂತ ಮನೆಯಲ್ಲಿ ಕೇಳೇ ಕೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮತ್ತು ಕೇಂದ್ರ ಅಂತರ್ಜಲ ಮಂಡಳಿಗೆ ಯುಪಿಎಸ್‌ಸಿ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ, ಅದಕ್ಕೆ ಎಂಎಸ್ಸಿ ಆಗಿರಬೇಕು. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ ಇದೆ. ಗಣಿ ಕಂಪನಿಗಳಲ್ಲೂ ಅಂತರ್ಜಲದ ಕ್ಷೇತ್ರದಲ್ಲೂ ಕೆಲಸ ಇದೆ.