ಎಣ್ಣೆ ಹುಟ್ಟಿದರೆ ಸಾಲದು, ನಿಲ್ಲಬೇಕು

ಬಾಗಲಕೋಟೆ ನವನಗರದಿಂದ ನಿವೃತ್ತ ಗಣಿತ ಮಾಸ್ತರರೊಬ್ಬರು ಬರೆಯುತ್ತಾರೆ: "ಕಳೆದ ಸಂಚಿಕೆಯಲ್ಲಿ ಕಲ್ಲಿನ ಮಡಿಕೆ, ಬಿರುಕು ಅಂತ ನಾಲ್ಕು ಪುಟ ತುಂಬಿಸಿದ್ದೀರಿ. ಅತಿಯಾಯ್ತು. ನೆಲದಡಿಯ ಕಚ್ಚಾ ಎಣ್ಣೆ ಆಗೋದು ಸತ್ತ ಜೀವಿಗಳಿಂದ. ಜೀವಿಗಳಿದ್ದಲ್ಲಿ ಎಣ್ಣೆ, ಇಲ್ಲದಲ್ಲಿ ಇಲ್ಲ. ಲೆಕ್ಕ ಇಷ್ಟೇ. ನಮ್ಮ ಕಲಾದಗಿ ಕಲ್ಲು ಮೀನೂ ಹುಟ್ಟದ ಕಾಲದ್ದು. ಆದರೂ ದೇಶದಲ್ಲಿ ಎಣ್ಣೆ ಇರಬಹುದಾದ, ಪದರಗಲ್ಲು ತುಂಬಿದ ತಗ್ಗುಗಳ, ಅಂದರೆ ಬೇಸಿನ್‌ಗಳ ಪಟ್ಟಿಯಲ್ಲಿ 'ಭೀಮಾ-ಕಲಾದಗಿ' ಅಂತ ಹೆಸರು ಹಾಕಿದ್ದಾರಲ್ಲ, ಇದು ಯಾರ ತಮಾಷೆ?"

ಸಂಪಾದಕರ ಉತ್ತರ:

ಮಾಸ್ತರರೇ, ಬೈದು ಬರೆದರೂ ಇಷ್ಟು ಚೊಕ್ಕವಾಗಿ ಬರೆಯುವವರು ಈಗ ಕಡಿಮೆ. ಅದಕ್ಕೇ ನಿಮ್ಮ ಪತ್ರವನ್ನು ರಾಶಿಯಿಂದ ಎತ್ತಿಕೊಂಡೆ. ಲೆಕ್ಕ ಇಷ್ಟೇ ಎಂದಿರಲ್ಲ, ಆ ಮಾತಿಗೆ ಮಾತ್ರ ಸುಮ್ನೆ ಇರಲಾರೆ.

ಮೊದಲು ನಿಮಗೆ ಸಲ್ಲಬೇಕಾದ್ದು ಸಲ್ಲಿಸಿಬಿಡುತ್ತೇನೆ. ಜೀವಿಗಳ ಅಂಶ ತುಂಬಿದ ಕೆಸರು ಬೇಕು, ಅದು ಆಳಕ್ಕೆ ಹೂತು ಸುಮಾರು 60ರಿಂದ 120 ಡಿಗ್ರಿ ಬಿಸಿಯಲ್ಲಿ ಬೇಯಬೇಕು, ಆಗಲೇ ಎಣ್ಣೆ. ಒಪ್ಪಿದೆ. ಆದರೆ ಅದಕ್ಕೆ ಮೀನು ಬೇಕಿಲ್ಲ, ಪಾಚಿ, ಸೂಕ್ಷ್ಮಜೀವಿ ಸಾಕು. ಪೂರ್ವ ಸೈಬೀರಿಯಾದಲ್ಲಿ, ಒಮಾನಿನಲ್ಲಿ ಮೀನಿಗಿಂತ ಹಳೆಯ ಕಲ್ಲುಗಳಿಂದ ಎಣ್ಣೆ ಹುಟ್ಟಿದೆ. ನಿಮ್ಮ ಬಾಗಲಕೋಟೆ ಸೀಮೆಯ ಸುಣ್ಣಕಲ್ಲು, ಡೋಲೋಮೈಟಿನಲ್ಲೂ ಅಂಥ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಗುರುತುಗಳಿವೆ. ಅಲ್ಲಿಗೆ ನಿಮ್ಮ ಪಾಲು ಮುಗಿಯಿತು.

ಇನ್ನು ನನ್ನ ಪಾಲು. ಎಣ್ಣೆ ಹುಟ್ಟಿದಲ್ಲೇ ಕೂರುವ ಜಾತಿಯಲ್ಲ. ನೀರಿಗಿಂತ ಹಗುರ, ಅದಕ್ಕೇ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನುಸುಳುತ್ತಾ ಮೇಲಕ್ಕೆ ಏರುತ್ತದೆ. ತಡೆಯುವವರು ಯಾರೂ ಇಲ್ಲದಿದ್ದರೆ ನೆಲದ ಮೇಲಕ್ಕೇ ಬಂದು ಗಾಳಿಗೆ ಬಿದ್ದು ಕೆಟ್ಟುಹೋಗುತ್ತದೆ. ಅದನ್ನು ಹಿಡಿದಿಡಲು ಒಂದು ಆಕಾರ ಬೇಕು. ಪದರಗಳು ಕಮಾನಿನಂತೆ ಮೇಲಕ್ಕೆ ಬಾಗಿದ ಆಂಟಿಕ್ಲೈನ್ ಇರಬೇಕು, ಅದರ ಮೇಲೆ ಕೆಸರು ಗಟ್ಟಿಯಾಗಿ ಆದ ಶೇಲ್‌ನಂಥ ಜಿನುಗದ ಕಲ್ಲಿನ ಮುಚ್ಚಳ ಇರಬೇಕು. ನೀರಿನೊಳಗೆ ಬೋರಲು ಹಾಕಿದ ಬೋಗುಣಿ ಗಾಳಿ ಹಿಡಿದಂತೆ ಅದು ಎಣ್ಣೆ ಹಿಡಿಯುತ್ತದೆ. ನೆತ್ತಿಯಲ್ಲಿ ಗ್ಯಾಸ್, ಕೆಳಗೆ ಎಣ್ಣೆ, ಅದರ ಕೆಳಗೆ ಉಪ್ಪುನೀರು. ಕೆಲವೆಡೆ ಫಾಲ್ಟ್, ಅಂದರೆ ನೆಲ ಸೀಳಿ ಜಾರಿದ ಬಿರುಕು, ಒಂದು ಪದರವನ್ನು ಸರಿಸಿ, ಎಣ್ಣೆಯ ದಾರಿಗೆ ಜಿನುಗದ ಕಲ್ಲನ್ನು ಅಡ್ಡ ತಂದು ನಿಲ್ಲಿಸುತ್ತದೆ. ಅದೇ ಫಾಲ್ಟ್ ಇನ್ನೊಂದು ಕಡೆ ಎಲ್ಲವನ್ನೂ ಸೋರಿಸಿಬಿಡುತ್ತದೆ. ಇವನ್ನೇ ನಾನು ನಾಲ್ಕು ಪುಟದಲ್ಲಿ ಬರೆದದ್ದು. ಇನ್ನೂ ನಾಲ್ಕು ಪುಟಕ್ಕೆ ಸರಕಿತ್ತು.

ಅರಬ್ಬಿ ಸಮುದ್ರದ ಎಣ್ಣೆ ನೆಲೆ ಬಾಂಬೆ ಹೈ ನೋಡಿ. 1974ರಲ್ಲಿ ಸಾಗರ ಸಮ್ರಾಟ ಎಂಬ ಕೊರೆಯುವ ರಿಗ್ ಮುಂಬೈ ಕರಾವಳಿಯಿಂದ ಸುಮಾರು 160 ಕಿ.ಮೀ. ಆಚೆ ಕೊರೆದಾಗ ಸುಣ್ಣಕಲ್ಲಿನಲ್ಲಿ ಎಣ್ಣೆ ಸಿಕ್ಕಿತು. ಆ ಎಣ್ಣೆ ಬೆಂದದ್ದು ಸುತ್ತಲಿನ ತಗ್ಗುಗಳಲ್ಲಿದ್ದ ಶೇಲ್ ಪದರಗಳಲ್ಲಿ. ನಡುವೆ ಎತ್ತರದ ದಿಬ್ಬವಿತ್ತು, ಮೇಲೆ ಮುಚ್ಚಳವಿತ್ತು. ಅದಕ್ಕೇ ಎಲ್ಲ ಹರಿದು ಅಲ್ಲಿಗೇ ಬಂತು. ಆ ದಿಬ್ಬ ಇಲ್ಲದಿದ್ದರೆ ನಿಮ್ಮ ಸತ್ತ ಜೀವಿಗಳು ಎಷ್ಟು ಕೋಟಿ ಇದ್ದರೂ ದೇಶಕ್ಕೆ ಒಂದು ಲೀಟರ್ ಸಿಗುತ್ತಿರಲಿಲ್ಲ. ರಾಜಸ್ಥಾನದ ಬಾಡಮೇರ್‌ನಲ್ಲೂ ಇದೇ ಕಥೆ. ಮೊದಲು ಬಂದ ಶೆಲ್ ಕಂಪನಿ ಕೈಬಿಟ್ಟು ಹೋದ ಮೇಲೆ 2004ರಲ್ಲಿ ಕೇರ್ನ್ ಕಂಪನಿಗೆ ಮಂಗಳಾ ಎಂಬ ಎಣ್ಣೆ ನೆಲೆ ಸಿಕ್ಕಿತು. ನೆಲ ಸೀಳಿ ಕುಸಿದಾಗ ಓರೆಯಾಗಿ ನಿಂತ ಕಲ್ಲಿನ ಹಲಗೆಯೇ ಅಲ್ಲಿ ಎಣ್ಣೆ ಹಿಡಿದಿಟ್ಟದ್ದು.

ಅಮೆರಿಕದ ಸ್ಪಿಂಡಲ್‌ಟಾಪ್‌ನಲ್ಲಿ ಕಣ್ಣಿಗೆ ಕಂಡದ್ದು ಒಂದು ಸಣ್ಣ ಗುಡ್ಡ ಮಾತ್ರ. ತಿಳಿದವರೆಲ್ಲ ನಕ್ಕರು. ಅದರ ಕೆಳಗೆ ಉಪ್ಪು ಗುಮ್ಮಟವಾಗಿ ಉಬ್ಬಿ ಮೇಲಿನ ಪದರಗಳನ್ನು ಎತ್ತಿತ್ತು. 1901ರ ಜನವರಿ 10ರಂದು ಎಣ್ಣೆ ಆಕಾಶಕ್ಕೆ ಚಿಮ್ಮಿತು.

ನಿಮ್ಮ ಪಕ್ಷದವರು ಹೇಳುವ ಮಾತು ನನಗೆ ಗೊತ್ತು: ಆಕಾರ ಇದ್ದೂ ಎಣ್ಣೆ ಸಿಗದ ಕಡೆ ಎಷ್ಟಿಲ್ಲ? ಇದೆ. ಅಲಾಸ್ಕದ ಮುಕ್ಲುಕ್‌ನಲ್ಲಿ 1983ರಲ್ಲಿ ಹಾಗೇ ಆಯಿತು. ಭಾರಿ ದೊಡ್ಡ ಆಕಾರ, ನೂರು ಕೋಟಿ ಡಾಲರಿಗೂ ಹೆಚ್ಚು ಸುರಿದರು, ಬಾವಿ ಖಾಲಿ. ಆದರೆ ಕಲ್ಲಿನ ಚೂರಿನಲ್ಲಿ ಎಣ್ಣೆಯ ಕಲೆ ಇತ್ತು. ಅಂದರೆ ಎಣ್ಣೆ ಹುಟ್ಟಿತ್ತು, ಬಂದೂ ಇತ್ತು, ಆಮೇಲೆ ಜಾರಿ ಹೋಗಿತ್ತು. ಇದು ಯಾರ ಪರ ಸಾಕ್ಷಿ ಹೇಳಿ? ನನ್ನ ಪರವೇ ಅಲ್ವಾ?

ಈಗ ಕಲಾದಗಿಗೆ ಬರೋಣ. ಪಟ್ಟಿ ತಮಾಷೆಯದ್ದಲ್ಲ. ದೇಶದಲ್ಲಿ 26 ಬೇಸಿನ್, ಒಟ್ಟು ಸುಮಾರು 33.6 ಲಕ್ಷ ಚದರ ಕಿ.ಮೀ. ಎಣ್ಣೆ ತೆಗೆಯುತ್ತಿರುವವು ಮೊದಲ ದರ್ಜೆ, ಸಿಕ್ಕಿದ್ದರೂ ವ್ಯಾಪಾರಕ್ಕೆ ಬಾರದವು ಎರಡನೆಯದು, ಇರಬಹುದೇನೋ ಎಂಬ ಅಂದಾಜು ಮಾತ್ರ ಇರುವವು ಮೂರನೆಯದು. ಭೀಮಾ-ಕಲಾದಗಿ ಮೂರನೆಯದರಲ್ಲಿದೆ. ಯಾಕೆ ಅಲ್ಲಿದೆ ಅಂತ ತಿಳಿಯಲು ಕಲ್ಲಿನ ಆಕಾರವನ್ನೇ ಕೇಳಬೇಕು. ಕೆಳಗಿನ ಬಾಗಲಕೋಟೆ ಗುಂಪಿನ ಪದರಗಳು ನೂರು ಕೋಟಿ ವರ್ಷಕ್ಕೂ ಹಳೆಯವು. ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡಿವೆ, ಲೋಕಾಪುರ, ಯಾದವಾಡದ ಕಡೆ ಉದ್ದುದ್ದ ಮಡಿಕೆಗಳಿವೆ. ಆಮೇಲೆ ಆ ಮಡಿಕೆಗಳ ನೆತ್ತಿ ಸವೆದು ಹೋಯಿತು. ಅದರ ಮೇಲೆ ಬಾದಾಮಿ ಗುಂಪಿನ ಮರಳುಗಲ್ಲು ಹೆಚ್ಚುಕಡಿಮೆ ಮಟ್ಟಸವಾಗಿ ಕೂತಿತು. ನೆತ್ತಿ ಸವೆದ ಕಮಾನು ಒಳಗಿದ್ದದ್ದನ್ನು ಉಳಿಸಿಕೊಳ್ಳುವುದು ಕಷ್ಟ. ಹೀಗಾಗಿ ಆಸೆ ಕಡಿಮೆ ಎನ್ನುವುದಕ್ಕೂ ನಾನು ಆಕಾರವನ್ನೇ ಸಾಕ್ಷಿಗೆ ಕರೆಯುತ್ತೇನೆ, ಮೀನನ್ನಲ್ಲ. ಉತ್ತರಕ್ಕೆ, ಬೆಳಗಾವಿ, ವಿಜಯಪುರದ ಕಡೆ, ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಎಲ್ಲದರ ಮೇಲೆ ಹೊದ್ದು ಮಲಗಿದೆ. ನೆಲಕ್ಕೆ ಕಂಪನ ಕಳಿಸಿ ಪ್ರತಿಧ್ವನಿ ಓದುವ ಸೀಸ್ಮಿಕ್ ಸರ್ವೆಗೆ ಆ ಕರಿಕಲ್ಲು ದೊಡ್ಡ ತಲೆನೋವು. ಅಲೆಗಳು ಅಲ್ಲೇ ಚೆದುರಿಬಿಡುತ್ತವೆ, ಕೆಳಗಿನದು ಮಸುಕು.

ಈ ಕಲಾದಗಿ ಕಲ್ಲುಗಳನ್ನು ಮೊದಲು ಚೆನ್ನಾಗಿ ಓದಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಸುತ್ತಿಗೆ ಹಿಡಿದು ಊರೂರು ತಿರುಗಿ, 1876ರಲ್ಲಿ ಈ ಸೀಮೆಯ ಬಗ್ಗೆ ದೊಡ್ಡ ಗ್ರಂಥ ಬರೆದ. ಈಗ ನಮ್ಮ ಮಕ್ಕಳು ಬಸ್ಸು ಮಾಡಿಕೊಂಡು ಬಾದಾಮಿಗೆ ಹೋಗುತ್ತಾರೆ, ಮೂರನೇ ಗುಹೆಯಲ್ಲಿ ಸೆಲ್ಫಿ ತೆಗೆಯುತ್ತಾರೆ. ಗುಹೆಯ ಗೋಡೆಯಲ್ಲೇ ಒಂದಕ್ಕೊಂದು ಓರೆಯಾಗಿ ಗೆರೆಗಳು ಇಳಿದಿರುತ್ತವೆ, ಯಾವುದೋ ಕಾಲದ ನೀರು ಮರಳನ್ನು ಯಾವ ದಿಕ್ಕಿಗೆ ತಳ್ಳಿತು ಅಂತ ತೋರಿಸುತ್ತವೆ. ಅದನ್ನು ಬೆರಳಿಟ್ಟು ತೋರಿಸುವ ಒಬ್ಬ ಮಾಸ್ತರನೂ ಇರುವುದಿಲ್ಲ. ನಿಮ್ಮ ಬಳಗದ ಬಗ್ಗೆಯೇ ಹೇಳುತ್ತಿದ್ದೇನೆ, ಬೇಸರ ಬೇಡ.

ನನ್ನ ನಿಜವಾದ ಸಂಕಟ ಬೋರ್‌ವೆಲ್‌ನದ್ದು. ಕಳೆದ ಬೇಸಿಗೆ ಲೋಕಾಪುರದ ಹತ್ತಿರ ಒಂದು ಹೊಲದಲ್ಲಿ ಬೋರ್ ಹಾಕುವಾಗ ನಿಂತು ನೋಡಿದೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜಾಗ ಹೇಳಿದವರು ಹಣ ಎಣಿಸಿಕೊಂಡು ಹೋಗಿದ್ದರು. ಪೈಪಿನ ಬಾಯಿಂದ ಮೊದಲು ಎರೆಮಣ್ಣು ಬಂತು, ಆಮೇಲೆ ಬೂದು ಬಣ್ಣದ ಸುಣ್ಣದ ಪುಡಿ, ಆಮೇಲೆ ನೇರಳೆ ಛಾಯೆಯ ನುಣ್ಣನೆ ರಾಡಿ. ಮೂರು ಬಣ್ಣದ ಗುಡ್ಡೆ, ಮೂರು ಪದರ. ಯಾವ ಅಡಿಯಲ್ಲಿ ಯಾವುದು ಬಂತು ಅಂತ ಬರೆದುಕೊಂಡವರು ಯಾರೂ ಇಲ್ಲ. ಸಂಜೆಗೆ ಎಲ್ಲ ಕಾಲುವೆ ಪಾಲು. ಇಂಥ ಸಾವಿರಾರು ಬೋರ್‌ಗಳ ಪುಡಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿದ್ದರೆ ಪದರಗಳು ಎಲ್ಲಿ ಬಾಗಿವೆ, ಎಲ್ಲಿ ತುಂಡಾಗಿವೆ ಎಂಬುದರ ನಕ್ಷೆ ಬಿಟ್ಟಿಯಾಗಿ ಸಿಗುತ್ತಿತ್ತು. ಎಣ್ಣೆಗೆ ಬೇಡ, ನೀರಿಗಾದರೂ. ಇದನ್ನೇ ಒಂದು ಕಚೇರಿಗೆ ಹೋಗಿ ಹೇಳಿದೆ. ಅರ್ಜಿ ಕೊಡಿ ಎಂದರು. ಕೊಟ್ಟೆ. ಯಾವ ವಿಷಯದ ಅರ್ಜಿ ಎಂದು ತಿಂಗಳಾದ ಮೇಲೆ ಅವರೇ ಕೇಳಿದರು.

ಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಮಾತು ಬರೆದಿದ್ದೀರಿ. ನಿಮ್ಮ ತಮ್ಮನ ಹೊಲದಡಿ ಪೆಟ್ರೋಲ್ ಇದೆ, ಲೀಸ್ ಮಾಡಿಸುತ್ತೇನೆ ಅಂತ ಏಜೆಂಟ್ ಒಬ್ಬ ಬಂದು "ನೋಂದಣಿ ಖರ್ಚು" ಕೇಳುತ್ತಿದ್ದಾನಂತೆ. ಇದಕ್ಕೆ ಮಡಿಕೆ, ಫಾಲ್ಟ್ ಏನೂ ಬೇಡ. ನೆಲದಡಿಯ ಎಣ್ಣೆ ಉತಾರದಲ್ಲಿ ಹೆಸರಿರುವವರದ್ದಲ್ಲ, ಸರ್ಕಾರದ್ದು. ಹುಡುಕುವ, ತೆಗೆಯುವ ಲೈಸೆನ್ಸ್ ಕೊಡುವುದೂ ಸರ್ಕಾರವೇ. ಅವನ ಕೈಗೆ ಒಂದು ರೂಪಾಯಿ ಕೊಡಬೇಡ, ಯಾವ ಕಾಗದಕ್ಕೂ ಸಹಿ ಹಾಕಬೇಡ ಅಂತ ತಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ.